ಫೈಲು ಹುಟ್ಟಿದ ವೇಳೆ: ಆಪರೇಟಿಂಗ್ ಸಿಸ್ಟಮ್ ತೋರಿಸಬೇಕಾ, ಬೇಡವಾ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡೋಸ್‌ನಲ್ಲಿ ಯಾವ ಫೈಲಿನ ಪ್ರಾಪರ್ಟೀಸ್ ತೆರೆದರೂ ‘ಕ್ರಿಯೇಟೆಡ್’ ಅಂತ ಒಂದು ತಾರೀಖು ಕಾಣುತ್ತದೆ. ಮ್ಯಾಕ್‌ನಲ್ಲೂ ಕಾಣುತ್ತದೆ. ಲಿನಕ್ಸ್ ಮಾತ್ರ ವರ್ಷಗಟ್ಟಲೆ ಅದನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡೂ ಬಳಕೆದಾರರಿಗೆ ಹೇಳದೆ ಕೂತಿತ್ತು. ಇದರ ಸುತ್ತ ನಡೆಯುವ ಜಗಳ ಇನ್ನೂ ಮುಗಿದಿಲ್ಲ. ನನ್ನ ಪಕ್ಷ ಮೊದಲೇ ಹೇಳಿಬಿಡುತ್ತೇನೆ: ತೋರಿಸಬೇಕು. ಆದರೆ ಆ ತಾರೀಖನ್ನು ಬರಹದ ವಯಸ್ಸು ಅಂತ ಯಾರೂ ಓದಬಾರದು. ಅದು ಆ ಡಿಸ್ಕಿನಲ್ಲಿ ಇರುವ ಆ ಪ್ರತಿಯ ವಯಸ್ಸು, ಅಷ್ಟೇ.

ಒಂದು ಫೈಲಿಗೆ ಒಟ್ಟು ಎಷ್ಟು ವೇಳೆ ಇರುತ್ತವೆ?

ಇವತ್ತಿನ ಹೆಚ್ಚಿನ ಫೈಲ್ ಸಿಸ್ಟಮ್‌ಗಳಲ್ಲಿ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಗಳಲ್ಲಿ) ನಾಲ್ಕು. ಕೊನೆಗೆ ಓದಿದ್ದು ಯಾವಾಗ, ಒಳಗಿನ ವಿಷಯ ಬದಲಾಗಿದ್ದು ಯಾವಾಗ, ಫೈಲಿನ ಬಗ್ಗೆ ಇರುವ ವಿವರ (ಹೆಸರು, ಅನುಮತಿ, ಮಾಲೀಕ) ಬದಲಾಗಿದ್ದು ಯಾವಾಗ, ಮತ್ತು ಫೈಲು ಹುಟ್ಟಿದ್ದು ಯಾವಾಗ. ಯೂನಿಕ್ಸ್ ಕಡೆಯವರು ಮೊದಲ ಮೂರನ್ನು ಎಟೈಮ್, ಎಂಟೈಮ್, ಸಿಟೈಮ್ ಅನ್ನುತ್ತಾರೆ. ನಾಲ್ಕನೆಯದು ಬಿಟೈಮ್ ಅಥವಾ ಬರ್ತ್ ಟೈಮ್.

ಸಿಟೈಮ್ ಅಂದ್ರೆ ಕ್ರಿಯೇಷನ್ ಟೈಮ್ ಅಲ್ವಾ?

ಅಲ್ಲ. ಈ ಪ್ರಶ್ನೆಗೆ ಬೇಸರವಿಲ್ಲದೆ ಎಷ್ಟು ಸಲ ಬೇಕಾದರೂ ಉತ್ತರ ಕೊಡಬೇಕು, ಯಾಕಂದ್ರೆ ತಪ್ಪು ತಿಳಿದುಕೊಂಡವರದ್ದು ತಪ್ಪಲ್ಲ. ಲಿನಕ್ಸ್‌ನಲ್ಲಿ ಸಿಟೈಮ್ ಅಂದರೆ ಚೇಂಜ್ ಟೈಮ್. ಫೈಲಿನ ಅನುಮತಿ ಬದಲಾಯಿಸಿ, ಸಿಟೈಮ್ ಈ ಕ್ಷಣಕ್ಕೆ ಬರುತ್ತದೆ. ಒಳಗೆ ಒಂದು ಅಕ್ಷರ ಬರೆಯಿರಿ, ಆಗಲೂ ಬರುತ್ತದೆ.

ಗೊಂದಲ ಹೆಚ್ಚಿಸಿದ್ದು ಪ್ರೋಗ್ರಾಮಿಂಗ್ ಭಾಷೆಗಳು. ಪೈಥಾನ್‌ನಲ್ಲಿ ಫೈಲಿನ ಸಿಟೈಮ್ ಕೇಳಿದರೆ ಲಿನಕ್ಸ್‌ನಲ್ಲಿ ಬದಲಾದ ವೇಳೆ ಬರುತ್ತಿತ್ತು, ವಿಂಡೋಸ್‌ನಲ್ಲಿ ಹುಟ್ಟಿದ ವೇಳೆ. ಒಂದೇ ಸಾಲಿನ ಕೋಡು, ಎರಡು ಅರ್ಥ! ಪೈಥಾನ್ 3.12ರಲ್ಲಿ ವಿಂಡೋಸ್‌ಗೂ ಬರ್ತ್‌ಟೈಮ್ ಅಂತ ಬೇರೆ ಅಂಕಣ ಕೊಟ್ಟು, ಹಳೆಯ ಅರ್ಥದಲ್ಲಿ ಸಿಟೈಮ್ ಬಳಸಬೇಡಿ ಅಂತ ಸೂಚಿಸಿದರು. ಒಳ್ಳೆಯ ಕೆಲಸ, ಸ್ವಲ್ಪ ತಡವಾಯಿತು.

ಯೂನಿಕ್ಸ್ ಮಾಡಿದವರಿಗೆ ಇದು ಹೊಳೆಯಲೇ ಇಲ್ಲವಾ?

ಹೊಳೆದಿತ್ತು. 1971ರ ಮೊದಲ ಆವೃತ್ತಿಯ ಯೂನಿಕ್ಸ್ ಕೈಪಿಡಿಯಲ್ಲಿ ಫೈಲಿಗೆ ಎರಡೇ ವೇಳೆ: ಹುಟ್ಟಿದ್ದು ಮತ್ತು ಬದಲಾಗಿದ್ದು. ಆಮೇಲೆ ಬಂದ ಆವೃತ್ತಿಗಳಲ್ಲಿ ಹುಟ್ಟಿದ ವೇಳೆ ಜಾಗ ಕಳೆದುಕೊಂಡಿತು. ಯೂನಿಕ್ಸ್ ಥರದ ಸಿಸ್ಟಮ್‌ಗಳಿಗೆಲ್ಲ ಸಾಮಾನ್ಯವಾದ ಪಾಸಿಕ್ಸ್ ಪ್ರಮಾಣ ಬರೆಯುವ ಹೊತ್ತಿಗೆ ಓದಿದ್ದು, ಬರೆದದ್ದು, ವಿವರ ಬದಲಾದದ್ದು ಈ ಮೂರೇ ಉಳಿದಿದ್ದವು. ಯೂನಿಕ್ಸ್ ಮಂದಿಗೆ ಬೇಕಾಗಿದ್ದದ್ದು ಬ್ಯಾಕಪ್ ಮತ್ತು ಮೇಕ್ ಥರದ ಕೆಲಸ. ಯಾವುದು ಹೊಸದು, ಯಾವುದನ್ನು ಮತ್ತೆ ಕಂಪೈಲ್ ಮಾಡಬೇಕು, ಅಷ್ಟು ಗೊತ್ತಾದರೆ ಸಾಕಿತ್ತು. ಅದಕ್ಕೆ ಎಂಟೈಮ್, ಸಿಟೈಮ್ ಸಾಕು.

ಬೇರೆಯವರು ಏನು ಮಾಡಿದರು?

ಡಾಸ್‌ನಲ್ಲಿ ಮೊದಲು ಬದಲಾದ ವೇಳೆ ಒಂದೇ ಇತ್ತು. ವಿಂಡೋಸ್ 95 ಬಂದಾಗ ಡಾಸ್ ಕಾಲದ ಫೈಲ್ ಸಿಸ್ಟಮ್ ಆದ ಫ್ಯಾಟ್‌ಗೆ ಹುಟ್ಟಿದ ವೇಳೆಯೂ ಸೇರಿತು. ಈಗಿನ ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್‌ನಲ್ಲಿ ನಾಲ್ಕೂ ಉಂಟು, 1601ರ ಜನವರಿ 1ರಿಂದ 100 ನ್ಯಾನೋಸೆಕೆಂಡಿನ ಲೆಕ್ಕದಲ್ಲಿ. ಮ್ಯಾಕ್ ಬಹಳ ಹಿಂದಿನಿಂದಲೂ ಹುಟ್ಟಿದ ತಾರೀಖು ಇಟ್ಟಿದೆ. ಯೂನಿಕ್ಸ್ ವಂಶದ ಫ್ರೀಬಿಎಸ್‌ಡಿ 2003ರಲ್ಲಿ, ಯುಎಫ್‌ಎಸ್2 ಎಂಬ ಫೈಲ್ ಸಿಸ್ಟಮ್ ಜೊತೆಗೆ ಶುರು ಮಾಡಿತು.

ಲಿನಕ್ಸ್ ಯಾಕೆ ಇಷ್ಟು ತಡ ಮಾಡಿತು?

ಇದು ಸ್ವಾರಸ್ಯದ ಕಥೆ. ಎಕ್ಸ್‌ಟಿ4 ಫೈಲ್ ಸಿಸ್ಟಮ್ 2008ರಲ್ಲಿ ಸ್ಥಿರ ಅನ್ನಿಸಿಕೊಂಡಾಗಲೇ ಐನೋಡ್‌ನಲ್ಲಿ, ಅಂದರೆ ಪ್ರತಿ ಫೈಲಿನ ವಿವರ ಬರೆದಿಡುವ ದಾಖಲೆಯಲ್ಲಿ, ಹುಟ್ಟಿದ ವೇಳೆಗೆ ಜಾಗ ಇತ್ತು. ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳು, ಅದನ್ನು ಶಿಸ್ತಾಗಿ ಬರೆಯುತ್ತಲೂ ಇತ್ತು. ಆದರೆ ಓದಿ ಹೇಳುವ ಸಿಸ್ಟಮ್ ಕಾಲ್ (ಪ್ರೋಗ್ರಾಮ್‌ಗಳು ಕರ್ನಲ್ ಅನ್ನು ಕೇಳುವ ದಾರಿ) ಇರಲಿಲ್ಲ. ಹಳೆಯ ಸ್ಟ್ಯಾಟ್ ಕಾಲ್‌ನಲ್ಲಿ ಮೂರೇ ವೇಳೆಗೆ ಅಂಕಣ. ಅದರ ಆಕಾರ ಬದಲಾಯಿಸಿದರೆ ಇದ್ದಬದ್ದ ಪ್ರೋಗ್ರಾಮ್‌ಗಳೆಲ್ಲ ಮುರಿಯುತ್ತವೆ.

ಸ್ಟ್ಯಾಟ್ ಕಮಾಂಡ್ ಮಾತ್ರ ಕೊನೆಯ ಸಾಲಿನಲ್ಲಿ ‘ಬರ್ತ್’ ಅಂತ ಬರೆದು ಮುಂದೆ ಒಂದು ಅಡ್ಡಗೆರೆ ಹಾಕುತ್ತಿತ್ತು. ನೋಡಿದವರಿಗೆಲ್ಲ ಅದೇನು ಅಂತ ಕುತೂಹಲ. ನಿಜವಾದ ವೇಳೆ ಬೇಕೆಂದರೆ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಡಿಬಗ್‌ಎಫ್‌ಎಸ್ ಎಂಬ ಸಾಧನ ಹಚ್ಚಿ, ಐನೋಡ್ ನಂಬರ್ ಕೊಟ್ಟು, ಡಿಸ್ಕಿನಿಂದ ನೇರವಾಗಿ ಓದಿಸಬೇಕಿತ್ತು. ನಮ್ಮದೇ ಫೈಲು, ನಮ್ಮದೇ ಡಿಸ್ಕು, ನೋಡೋಕೆ ಮಾತ್ರ ರೂಟ್ ಆಗಬೇಕು!

ಕರ್ನಲ್ ಬರೆಯುವವರಲ್ಲಿ ಒಬ್ಬರಾದ ಡೇವಿಡ್ ಹೋವೆಲ್ಸ್ 2010ರಲ್ಲೇ ಹೊಸ ಕಾಲ್‌ಗೆ ಪ್ಯಾಚ್ ತಂದಿದ್ದರು. ಏನೇನು ಸೇರಿಸಬೇಕು, ಹೆಸರು ಏನು, ಇದು ನಿಜಕ್ಕೂ ಬೇಕಾ ಎಂಬ ಚರ್ಚೆಯಲ್ಲೇ ವರ್ಷಗಳು ಹೋದವು. ಕೊನೆಗೆ 2017ರಲ್ಲಿ, ಕರ್ನಲ್ 4.11ರಲ್ಲಿ, ಸ್ಟ್ಯಾಟ್‌ಎಕ್ಸ್ ಎಂಬ ಹೆಸರಿನಲ್ಲಿ ಬಂತು. ಪ್ರೋಗ್ರಾಮ್‌ಗಳು ಬಳಸುವ ಸಿ ಲೈಬ್ರರಿ, ಜಿಲಿಬ್‌ಸಿ, 2018ರಲ್ಲಿ ಕೈ ಸೇರಿಸಿತು. ಸ್ಟ್ಯಾಟ್ ಥರದ ಕಮಾಂಡುಗಳ ಕಟ್ಟಾದ ಕೋರ್‌ಯುಟಿಲ್ಸ್‌ನ 2019ರ 8.31 ಆವೃತ್ತಿಯಲ್ಲಿ ಆ ಅಡ್ಡಗೆರೆಯ ಜಾಗದಲ್ಲಿ ತಾರೀಖು ಬಂತು.

ಅಷ್ಟು ಚರ್ಚೆಗೆ ಏನಿದೆ? ಒಂದು ತಾರೀಖು ತಾನೇ?

ತಾರೀಖು ಒಂದೇ, ಆದರೆ ಅದರ ಅರ್ಥ ಏನು ಅಂತ ಯಾರೂ ಒಪ್ಪಿಕೊಂಡಿಲ್ಲ. ವಿರೋಧಿಸುವವರ ವಾದದಲ್ಲಿ ಗಟ್ಟಿಯಾದದ್ದು ಇದೇ.

ಲಿನಕ್ಸ್‌ನಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ. ಸೋಮವಾರ ‘ಲೆಕ್ಕ’ ಅಂತ ಒಂದು ಫೈಲು ಮಾಡಿ. ಬುಧವಾರ ಅದಕ್ಕೆ ಕೊನೆಯಲ್ಲಿ ಒಂದು ಸಾಲು ಸೇರಿಸಿ, ಶೆಲ್‌ನಲ್ಲಿ ಎರಡು ಬಾಣದ ಗುರುತು ಹಾಕಿ ಸೇರಿಸುತ್ತೀರಲ್ಲ, ಹಾಗೆ. ಸ್ಟ್ಯಾಟ್ ಕೊಟ್ಟು ನೋಡಿ. ಮಾಡಿಫೈ ಬುಧವಾರ, ಬರ್ತ್ ಸೋಮವಾರ. ಸರಿಯಾಗಿದೆ. ಗುರುವಾರ ‘ಸೆಡ್ -ಐ’ ಕೊಟ್ಟು ಒಂದು ಪದ ಬದಲಾಯಿಸಿ. ಈಗ ಬರ್ತ್ ಗುರುವಾರ ಆಗಿರುತ್ತದೆ! ಐನೋಡ್ ನಂಬರ್ ನೋಡಿದರೆ ಅದೂ ಬೇರೆ. ಸೆಡ್ ಮಾಡಿದ್ದೇನು? ಪಕ್ಕದಲ್ಲಿ ಹೊಸ ಫೈಲು ಬರೆದು, ಹಳೆಯದರ ಹೆಸರನ್ನು ಅದಕ್ಕೆ ಕೊಟ್ಟಿತು. ಮಧ್ಯೆ ಕರೆಂಟು ಹೋದರೂ ಅರ್ಧ ಬರೆದ ಫೈಲು ಉಳಿಯಬಾರದು ಅಂತ ಎಷ್ಟೋ ಎಡಿಟರ್‌ಗಳು ಹೀಗೇ ಸೇವ್ ಮಾಡುತ್ತವೆ. ಬುದ್ಧಿವಂತಿಕೆಯ ದಾರಿಯೇ. ಆದರೆ ಹುಟ್ಟಿದ ವೇಳೆ ‘ಕೊನೆಗೆ ಸೇವ್ ಮಾಡಿದ ವೇಳೆ’ ಆಗಿಹೋಗುತ್ತದೆ.

ಕರ್ನಲ್ ಕಣ್ಣಿಗೆ ಅದು ಸುಳ್ಳಲ್ಲ. ಅದಕ್ಕೆ ಗೊತ್ತಿರುವುದು ಐನೋಡ್ ಮಾತ್ರ. ಐನೋಡ್ ಹುಟ್ಟಿದ್ದು ಗುರುವಾರವೇ. ನಮಗೆ ‘ಲೆಕ್ಕ’ ಎಂಬುದು ಸೋಮವಾರದ ಫೈಲು.

ವಿಂಡೋಸ್‌ನಲ್ಲೂ ಹೀಗೇ ಆಗುತ್ತದಾ?

ಆಗಬೇಕಿತ್ತು, ಆದರೆ ಅವರು ಒಂದು ಉಪಾಯ ಮಾಡಿದ್ದಾರೆ. ಒಂದು ಫೈಲನ್ನು ಅಳಿಸಿ ಅಥವಾ ಹೆಸರು ಬದಲಾಯಿಸಿ, 15 ಸೆಕೆಂಡಿನೊಳಗೆ ಅದೇ ಫೋಲ್ಡರಿನಲ್ಲಿ ಅದೇ ಹೆಸರಿನ ಹೊಸ ಫೈಲು ಮಾಡಿದರೆ, ಹಳೆಯದರ ಹುಟ್ಟಿದ ವೇಳೆಯೇ ಹೊಸದಕ್ಕೆ ಸಿಗುತ್ತದೆ. ಇದಕ್ಕೆ ಟನೆಲಿಂಗ್ ಅಂತ ಹೆಸರು. ಮೇಲೆ ಹೇಳಿದ ಥರ ಸೇವ್ ಮಾಡುವ ಪ್ರೋಗ್ರಾಮ್‌ಗಳಿಗಾಗಿಯೇ ಈ ವ್ಯವಸ್ಥೆ.

ಬಳಕೆದಾರರಿಗೆ ಅನುಕೂಲವೇ. ಆದರೆ ಯೋಚಿಸಿ: ನೀವು ‘ವರದಿ’ ಎಂಬ ಫೈಲನ್ನು ಅಳಿಸಿ, ತಕ್ಷಣ ಅದೇ ಹೆಸರಿನಲ್ಲಿ ಸಂಬಂಧವೇ ಇಲ್ಲದ ಹೊಸ ಫೈಲು ಮಾಡಿದರೂ ಅದು ಹಳೆಯ ತಾರೀಖು ಹೊತ್ತುಕೊಂಡು ಬರುತ್ತದೆ. ಗಡಿಯಾರ ಸರಿ ಇದ್ದು, ಯಾರೂ ಮೋಸ ಮಾಡದೆ ಇದ್ದರೂ ತಪ್ಪು ತಾರೀಖು.

ನನ್ನ ಫೈಲು ಹುಟ್ಟುವ ಮೊದಲೇ ಬದಲಾಗಿದೆ ಅಂತ ತೋರಿಸುತ್ತಿದೆ. ಡಿಸ್ಕು ಕೆಟ್ಟಿದೆಯಾ?

ಇಲ್ಲ, ಫೈಲು ಕಾಪಿ ಆಗಿ ಬಂದಿದೆ. ವಿಂಡೋಸ್‌ನಲ್ಲಿ ಕಾಪಿ-ಪೇಸ್ಟ್ ಮಾಡಿದರೆ ಬದಲಾದ ವೇಳೆ ಹಳೆಯದೇ ಉಳಿಯುತ್ತದೆ, ಹುಟ್ಟಿದ ವೇಳೆ ಮಾತ್ರ ಈಗಿನದಾಗುತ್ತದೆ. 2015ರಲ್ಲಿ ಬರೆದ ಪತ್ರವನ್ನು ಇವತ್ತು ಹೊಸ ಲ್ಯಾಪ್‌ಟಾಪಿಗೆ ಹಾಕಿಕೊಂಡರೆ, ಬದಲಾಗಿದ್ದು 2015, ಹುಟ್ಟಿದ್ದು ಇವತ್ತು. ಕಾಪಿ ಬದಲು ಕಟ್ ಮಾಡಿ ಹಾಕಿದರೆ ಹುಟ್ಟಿದ ವೇಳೆಯೂ ಹಳೆಯದೇ ಇರುತ್ತದೆ, ಬೇರೆ ಡ್ರೈವಿಗೆ ಹೋದರೂ ಸಹ.

ಇದನ್ನು ಮನೆಯ ಲೆಕ್ಕದಲ್ಲಿ ನೋಡಿ. ಮನೆ ಕಟ್ಟಿದ ವರ್ಷ ಒಂದು, ನೀವು ಬಾಡಿಗೆಗೆ ಬಂದ ತಿಂಗಳು ಇನ್ನೊಂದು. ‘ಕ್ರಿಯೇಟೆಡ್’ ಹೇಳುವುದು ಎರಡನೆಯದನ್ನು.

ಇದೇ ಗುಣ ಕೆಲವು ಸಲ ಬಹಳ ಉಪಯೋಗಕ್ಕೆ ಬರುತ್ತದೆ. ವಿಗೆಟ್ ಎಂಬ ಡೌನ್‌ಲೋಡ್ ಕಮಾಂಡ್ ಹಚ್ಚಿ ಏನಾದರೂ ಇಳಿಸಿಕೊಳ್ಳಿ. ಸರ್ವರ್ ಹೇಳಿದ ತಾರೀಖನ್ನೇ ಅದು ಬದಲಾದ ವೇಳೆಯಾಗಿ ಹಾಕುತ್ತದೆ. ಹಾಗಾಗಿ ಇವತ್ತು ಬೆಳಗ್ಗೆ ಇಳಿಸಿದ ಫೈಲು ಪಟ್ಟಿಯಲ್ಲಿ ಮೂರು ವರ್ಷ ಹಿಂದಿನ ಜಾಗದಲ್ಲಿ ಹೋಗಿ ಕೂತಿರುತ್ತದೆ. ಹುಡುಕಿದರೂ ಸಿಗದು. ಹುಟ್ಟಿದ ವೇಳೆಯ ಪ್ರಕಾರ ಜೋಡಿಸಿದರೆ ಥಟ್ ಅಂತ ಮೇಲೆ ಬರುತ್ತದೆ. ಲಿನಕ್ಸ್‌ನಲ್ಲಿ ‘ಎಲ್‌ಎಸ್’ ಕಮಾಂಡಿಗೆ 2020ರ ಕೋರ್‌ಯುಟಿಲ್ಸ್ 8.32ರಿಂದ ಈ ಸೌಲಭ್ಯ ಬಂದಿದೆ, ಟೈಮ್ ಎಂಬಲ್ಲಿ ಬರ್ತ್ ಅಂತ ಕೊಟ್ಟರೆ ಸಾಕು. ತೋರಿಸಬೇಕು ಅನ್ನುವ ನನ್ನ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಕಾರಣವೇನೂ ಬೇಡ. ದಿನಾ ಬರುವ ಕಷ್ಟ ಇದು.

ಮ್ಯಾಕ್‌ನ ಫೈಂಡರ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಕಾಪಿ ಮಾಡಿದರೆ ಹುಟ್ಟಿದ ತಾರೀಖೂ ಜೊತೆಗೇ ಹೋಗುತ್ತದೆ. ಈ ಫೋಲ್ಡರಿಗೆ ಯಾವಾಗ ಬಂತು ಅನ್ನುವುದಕ್ಕೆ ‘ಡೇಟ್ ಆ್ಯಡೆಡ್’ ಅಂತ ಬೇರೆಯೇ ಅಂಕಣ. ಎರಡು ಪ್ರಶ್ನೆಗೆ ಎರಡು ಉತ್ತರ. ಈ ವಿಷಯದಲ್ಲಿ ಮ್ಯಾಕ್‌ನವರು ಉಳಿದವರಿಗಿಂತ ಜಾಸ್ತಿ ಯೋಚನೆ ಮಾಡಿದ್ದಾರೆ ಅಂತ ಒಪ್ಪಿಕೊಳ್ಳಬೇಕು.

ಇಷ್ಟೆಲ್ಲ ಗೊಂದಲ ಇದ್ದರೆ ತೋರಿಸದೇ ಇರುವುದೇ ವಾಸಿ ಅಲ್ವಾ?

ಈ ವಾದ ಕೇಳಿದಾಗೆಲ್ಲ ನನಗೆ ಎಟೈಮ್ ನೆನಪಾಗುತ್ತದೆ. ಕೊನೆಗೆ ಓದಿದ ವೇಳೆಯನ್ನು ಇಡಬೇಕಾದರೆ ಪ್ರತಿ ಓದಿಗೂ ಡಿಸ್ಕಿಗೆ ಬರೆಯಬೇಕು. ಅದರ ಖರ್ಚು ತಾಳಲಾರದೆ ಲಿನಕ್ಸ್ 2009ರಿಂದ, 2.6.30ರಿಂದ, ರೆಲ್‌ಎಟೈಮ್ ಎಂಬ ಅರ್ಧಂಬರ್ಧ ಲೆಕ್ಕವನ್ನೇ ಮಾಮೂಲಿ ಮಾಡಿತು. ಅಂದರೆ ಇವತ್ತು ಎಟೈಮ್ ನೋಡಿ ‘ಇದನ್ನು ಕೊನೆಗೆ ಓದಿದ್ದು ಆವಾಗ’ ಅಂತ ಖಚಿತವಾಗಿ ಹೇಳಲಾಗದು. ಆದರೂ ಅದನ್ನು ಯಾರೂ ಬಚ್ಚಿಟ್ಟಿಲ್ಲ. ಎಂಟೈಮ್ ಅನ್ನಂತೂ ಟಚ್ ಕಮಾಂಡ್ ಕೊಟ್ಟು ಯಾವ ತಾರೀಖಿಗೆ ಬೇಕಾದರೂ ತಿರುಗಿಸಬಹುದು. ಅದನ್ನೂ ತೋರಿಸುತ್ತೇವೆ. ಹುಟ್ಟಿದ ವೇಳೆ ಒಂದೇ ಸಲ ಬರೆಯುವಂಥದ್ದು, ಖರ್ಚಿಲ್ಲ. ಡಿಸ್ಕಿನಲ್ಲಿ ಹೇಗೂ ಇದೆ. ಇದಕ್ಕೆ ಮಾತ್ರ ಯಾಕೆ ಈ ಮಡಿ?

ಈ ವೇಳೆಯನ್ನು ಬದಲಾಯಿಸಬಹುದಾ?

ವಿಂಡೋಸ್‌ನಲ್ಲಿ ಬಹಳ ಸುಲಭ. ಪವರ್‌ಶೆಲ್‌ನಲ್ಲಿ ಫೈಲಿನ ಕ್ರಿಯೇಷನ್‌ಟೈಮ್‌ಗೆ ಬೇಕಾದ ತಾರೀಖು ಕೊಟ್ಟರಾಯಿತು, ಒಂದೇ ಸಾಲು. ಮ್ಯಾಕ್‌ನಲ್ಲೂ ಆಗುತ್ತದೆ. ಫ್ರೀಬಿಎಸ್‌ಡಿಯಲ್ಲಿ ಒಂದು ತಮಾಷೆ ಇದೆ: ಬದಲಾದ ವೇಳೆಯನ್ನು ಹುಟ್ಟಿದ ವೇಳೆಗಿಂತ ಹಿಂದಕ್ಕೆ ಒಯ್ದರೆ, ಹುಟ್ಟಿದ ವೇಳೆಯೂ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ಹುಟ್ಟುವ ಮೊದಲು ಬದಲಾಗಲು ಹೇಗೆ ಸಾಧ್ಯ ಅನ್ನುವ ತರ್ಕ.

ಲಿನಕ್ಸ್‌ನಲ್ಲಿ ಮಾತ್ರ ಬದಲಾಯಿಸಲು ಮಾಮೂಲಿ ದಾರಿ ಇಲ್ಲ. ನೋಡಬಹುದು, ಮುಟ್ಟುವಂತಿಲ್ಲ.

ಬದಲಾಯಿಸಲು ಬಿಡಬೇಕಾ?

ಜಗಳದ ಎರಡನೇ ಭಾಗ ಇದು, ಮೊದಲನೆಯದಕ್ಕಿಂತ ಬಿಸಿ. ಬ್ಯಾಕಪ್ ತಂತ್ರಾಂಶ ಬರೆಯುವವರು ಬಿಡಬೇಕು ಅನ್ನುತ್ತಾರೆ. ಡಿಸ್ಕು ಹೋದ ಮೇಲೆ ಬ್ಯಾಕಪ್‌ನಿಂದ ವಾಪಸ್ ಹಾಕಿದರೆ ಎಲ್ಲ ಫೈಲೂ ಇವತ್ತೇ ಹುಟ್ಟಿದಂತೆ ಕಾಣುತ್ತವೆ, ಹತ್ತು ವರ್ಷದ ಲೆಕ್ಕ ಒಂದೇ ದಿನಕ್ಕೆ ಬಂದು ಬೀಳುತ್ತದೆ. ಸಾಂಬಾ (ವಿಂಡೋಸ್ ಯಂತ್ರಗಳಿಗೆ ಲಿನಕ್ಸ್ ಸರ್ವರಿನ ಫೈಲು ಹಂಚುವ ತಂತ್ರಾಂಶ) ನಡೆಸುವವರಿಗೂ ಇದೇ ಗೋಳು. ವಿಂಡೋಸ್ ಯಂತ್ರ ಹುಟ್ಟಿದ ವೇಳೆ ಕೊಟ್ಟರೆ ಲಿನಕ್ಸ್ ಸರ್ವರಿನಲ್ಲಿ ಅದನ್ನು ಇಡಲು ಜಾಗವಿಲ್ಲ. ಹಾಗಾಗಿ ಸಾಂಬಾ ಅದನ್ನು ಫೈಲಿನ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ನಲ್ಲಿ (ಫೈಲಿಗೆ ಅಂಟಿಸುವ ಹೆಚ್ಚುವರಿ ವಿವರದ ಚೀಟಿ) ಬೇರೆಯಾಗಿ ಬರೆದಿಡುತ್ತದೆ.

ಇನ್ನೊಂದು ಕಡೆಯವರು, ಮುಖ್ಯವಾಗಿ ತನಿಖೆಯ ಕಣ್ಣಿನಿಂದ ನೋಡುವವರು, ಬೇಡವೇ ಬೇಡ ಅನ್ನುತ್ತಾರೆ. ಸರ್ವರಿಗೆ ನುಗ್ಗಿದವನು ತನ್ನ ಫೈಲಿನ ಎಂಟೈಮ್ ಅನ್ನು ಪಕ್ಕದ ಹಳೆಯ ಫೈಲುಗಳ ಹಾಗೆ ಮಾಡಿಬಿಡುತ್ತಾನೆ. ಈ ಕೈಚಳಕಕ್ಕೆ ಟೈಮ್‌ಸ್ಟಾಂಪಿಂಗ್ (timestomping) ಅಂತಾರೆ. ಪಟ್ಟಿಯಲ್ಲಿ ಎದ್ದು ಕಾಣುವುದಿಲ್ಲ. ಆದರೆ ಲಿನಕ್ಸ್‌ನಲ್ಲಿ ಬಿಟೈಮ್ ನೋಡಿದರೆ ಕಳೆದ ರಾತ್ರಿಯ ವೇಳೆ ಅಲ್ಲೇ ಇರುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ ವೇಳೆಗಳು ಎರಡು ಜಾಗದಲ್ಲಿ ಇರುತ್ತವೆ. ಎಕ್ಸ್‌ಪ್ಲೋರರ್ ತೋರಿಸುವುದು ಒಂದು, ಫೈಲಿನ ಹೆಸರಿನ ಜೊತೆ ಕೂತಿರುವುದು ಇನ್ನೊಂದು. ಪವರ್‌ಶೆಲ್‌ನಿಂದ ತಿದ್ದಿದರೆ ಮೊದಲನೆಯದು ಮಾತ್ರ ಬದಲಾಗುತ್ತದೆ. ಎರಡಕ್ಕೂ ತಾಳೆ ಇಲ್ಲದಿದ್ದರೆ ತನಿಖೆ ಮಾಡುವವರಿಗೆ ಅನುಮಾನ ಶುರು.

ನಾನು ಲಿನಕ್ಸ್ ಕಡೆ. ಬ್ಯಾಕಪ್‌ನಿಂದ ವಾಪಸ್ ಬಂದ ಪ್ರತಿ ನಿಜಕ್ಕೂ ಇವತ್ತೇ ಹುಟ್ಟಿದ್ದು, ಹಾಗೆ ಹೇಳಿದರೆ ತಪ್ಪೇನು? ಬರಹದ ಮೂಲ ತಾರೀಖು ಬೇಕಾದರೆ ಅದನ್ನು ಬೇರೆ ಜಾಗದಲ್ಲಿ ಇಡಲಿ, ಸಾಂಬಾ ಮಾಡಿದ ಹಾಗೆ. ಯಾರು ಬೇಕಾದರೂ ತಿದ್ದಬಹುದಾದ ವೇಳೆ ನಮಗೆ ಆಗಲೇ ಒಂದಿದೆ, ಎಂಟೈಮ್. ಅಂಥದ್ದೇ ಇನ್ನೊಂದು ಯಾಕೆ?

ಕೋರ್ಟಿನಲ್ಲಿ ಈ ತಾರೀಖು ನಿಲ್ಲುತ್ತದಾ?

ಸ್ಕ್ರೀನ್‌ಶಾಟ್ ತೆಗೆದು ‘ನೋಡಿ ಸ್ವಾಮಿ, ಕ್ರಿಯೇಟೆಡ್ ಅಂತ ಬರೆದಿದೆ’ ಅಂದರೆ ಎದುರು ವಕೀಲರು ಮೇಲಿನ ಉತ್ತರಗಳನ್ನೆಲ್ಲ ಒಂದೊಂದಾಗಿ ಕೇಳಬಹುದು. ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಹಳೆಯ ಕಾಯ್ದೆಯ 65ಬಿ ಇದ್ದ ಜಾಗ ಅದು. ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಬೆಲೆ, ಅಂದರೆ ಫೈಲಿನ ವಿಷಯದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ, ಬರೆಯಬೇಕು. ಹ್ಯಾಶ್ ಹೇಳುವುದು ಒಳಗಿನ ವಿಷಯ ಬದಲಾಗಿಲ್ಲ ಅಂತ. ಫೈಲು ಯಾವಾಗ ಹುಟ್ಟಿತು ಅನ್ನುವುದಕ್ಕೆ ಅದು ಜಾಮೀನು ಕೊಡುವುದಿಲ್ಲ. ಅಂಥ ಪ್ರಸಂಗ ಬಂದರೆ ಫೈಲನ್ನು ತೆರೆಯದೆ, ಕಾಪಿ ಮಾಡದೆ, ಡಿಸ್ಕನ್ನು ಹಾಗೇ ಗೊತ್ತಿರುವವರ ಕೈಗೆ ಕೊಡಿ.

ಇದರಿಂದ ಖಾಸಗಿತನಕ್ಕೆ ತೊಂದರೆ ಇಲ್ಲವಾ?

ಸ್ವಲ್ಪ ಇದೆ, ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಲಿನಕ್ಸ್‌ನಲ್ಲಿ ಬೇರು ಫೋಲ್ಡರಿಗೆ, ಅಂದರೆ ಒಂಟಿ ಸ್ಲ್ಯಾಶ್‌ಗೆ, ಸ್ಟ್ಯಾಟ್ ಕೊಡಿ. ಸಾಮಾನ್ಯವಾಗಿ ಬರ್ತ್ ಸಾಲಿನಲ್ಲಿ ನೀವು ಸಿಸ್ಟಮ್ ಹಾಕಿದ ದಿನ, ಗಂಟೆ, ನಿಮಿಷ ಬರುತ್ತದೆ. ರೂಟ್ ಬೇಡ, ಯಾವ ಪ್ರೋಗ್ರಾಮ್ ಬೇಕಾದರೂ ಓದಬಹುದು. ಬೇರೆ ಯಾರ ಯಂತ್ರದಲ್ಲೂ ಸೆಕೆಂಡಿನ ಚೂರಿನವರೆಗೆ ಅದೇ ವೇಳೆ ಇರುವ ಸಾಧ್ಯತೆ ಕಡಿಮೆ. ಯಂತ್ರವನ್ನು ಗುರುತು ಹಿಡಿಯಲು ಅಷ್ಟು ಸಾಕು.

ಬ್ರೌಸರ್‌ಗಳು ಇಲ್ಲಿ ಎಚ್ಚರ ವಹಿಸಿವೆ. ನೀವು ವೆಬ್‌ಸೈಟಿಗೆ ಫೈಲು ಕೊಟ್ಟಾಗ ಹೆಸರು, ಗಾತ್ರ, ಬಗೆ ಮತ್ತು ಕೊನೆಗೆ ಬದಲಾದ ವೇಳೆ ಸಿಗುತ್ತವೆ. ಹುಟ್ಟಿದ ವೇಳೆ ಸಿಗುವುದಿಲ್ಲ. ಇದು ಹೀಗೇ ಇರಲಿ. ಮಾಲೀಕನಿಗೆ ತೋರಿಸುವುದು ಬೇರೆ, ಊರಿಗೆಲ್ಲ ಸಾರುವುದು ಬೇರೆ. ಜಿಪ್ ಮಾಡಿ ಕಳಿಸುವವರು ಒಂದು ಗಮನಿಸಿ: ಕೆಲವು ಜಿಪ್ ತಂತ್ರಾಂಶಗಳು ವಿಂಡೋಸ್‌ನ ಹುಟ್ಟಿದ ವೇಳೆಯನ್ನೂ ಒಳಗೆ ಸೇರಿಸಿಬಿಡುತ್ತವೆ.

ಪೆನ್‌ಡ್ರೈವ್‌ನಲ್ಲಿ ಏನಾಗುತ್ತದೆ?

ಫ್ಯಾಟ್32 ಆಗಿದ್ದರೆ ಹುಟ್ಟಿದ ವೇಳೆ ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಇರುತ್ತದೆ, ಬದಲಾದ ವೇಳೆ ಎರಡು ಸೆಕೆಂಡಿನ ಮೆಟ್ಟಿಲಲ್ಲಿ, ಓದಿದ್ದಕ್ಕೆ ಬರೀ ತಾರೀಖು. ಅಷ್ಟೇ ಅಲ್ಲ, ಅದು ಊರಿನ ಗಡಿಯಾರದ ವೇಳೆಯನ್ನೇ ಬರೆದುಕೊಳ್ಳುತ್ತದೆ, ಯಾವ ಊರು ಅಂತ ಬರೆಯುವುದಿಲ್ಲ. ಬೆಂಗಳೂರಿನಲ್ಲಿ ಬೆಳಗ್ಗೆ 10ಕ್ಕೆ ಮಾಡಿದ ಫೈಲನ್ನು ನ್ಯೂಜೆರ್ಸಿಯಲ್ಲಿರುವ ಮಗಳು ತನ್ನ ವಿಂಡೋಸ್‌ನಲ್ಲಿ ನೋಡಿದರೂ ಬೆಳಗ್ಗೆ 10 ಅಂತಲೇ ಕಾಣುತ್ತದೆ. ಎಕ್ಸ್‌ಫ್ಯಾಟ್‌ನಲ್ಲಿ ಈ ಕೊರತೆ ಸರಿಮಾಡಿದ್ದಾರೆ.

ನಾನು ಪ್ರೋಗ್ರಾಮ್ ಬರೆಯುತ್ತೇನೆ. ಇದನ್ನು ನಂಬಬಹುದಾ?

‘ಇಲ್ಲ’ ಅನ್ನುವ ಉತ್ತರಕ್ಕೆ ತಯಾರಾಗಿ ಬರೆಯಿರಿ. ಎಕ್ಸ್‌ಟಿ3ಯಲ್ಲಿ ಈ ವೇಳೆ ಇಲ್ಲ. 128 ಬೈಟಿನ ಹಳೆಯ ಐನೋಡ್ ಇರುವ ಎಕ್ಸ್‌ಟಿ4ನಲ್ಲಿ ಇಲ್ಲ. ನೆಟ್‌ವರ್ಕ್ ಮೂಲಕ ಫೈಲು ಹಂಚುವ ಎನ್‌ಎಫ್‌ಎಸ್‌ನ 3ನೇ ಆವೃತ್ತಿಯಲ್ಲೂ ಇಲ್ಲ. ಸ್ಟ್ಯಾಟ್‌ಎಕ್ಸ್ ಇದನ್ನು ಪ್ರಾಮಾಣಿಕವಾಗಿ ಹೇಳುತ್ತದೆ: ಉತ್ತರದ ಜೊತೆಗೆ ಒಂದು ಮಾಸ್ಕ್ ಕೊಟ್ಟು, ಬಿಟೈಮ್ ಸಿಕ್ಕಿತೋ ಇಲ್ಲವೋ ತಿಳಿಸುತ್ತದೆ. ಆ ಬಿಟ್ ನೋಡದೆ ಮುಂದೆ ಹೋಗಬೇಡಿ. ರಸ್ಟ್ ಭಾಷೆಯಲ್ಲೂ ವೇಳೆ ಸಿಗದಿದ್ದರೆ ದೋಷ ಬರುತ್ತದೆ. ನೋಡ್ ಜೆಎಸ್‌ನಲ್ಲಿ ಮಾತ್ರ, ಬರ್ತ್‌ಟೈಮ್ ಇಲ್ಲದ ಕಡೆ ಸಿಟೈಮ್ ಅಥವಾ 1970ರ ಜನವರಿ 1 ಬರಬಹುದು ಅಂತ ಅವರ ಕೈಪಿಡಿಯೇ ಹೇಳುತ್ತದೆ. ಗೊತ್ತಿಲ್ಲ ಅನ್ನುವ ಬದಲು ಬೇರೆ ಏನೋ ಒಂದು ಹೇಳಿ ಕಳಿಸುವ ಈ ಪದ್ಧತಿ ನನಗೆ ಹಿಡಿಸದು. ತೋರಿಸಿದರೆ ನಿಜವಾದದ್ದು ತೋರಿಸಬೇಕು, ಇಲ್ಲದಿದ್ದರೆ ಅಡ್ಡಗೆರೆಯೇ ಮೇಲು.

ಮದುವೆ ಫೋಟೋಗಳನ್ನು ಹೊಸ ಹಾರ್ಡ್ ಡಿಸ್ಕಿಗೆ ಹಾಕುತ್ತಿದ್ದೇನೆ. ತಾರೀಖು ಹೋಗದ ಹಾಗೆ ಏನು ಮಾಡಲಿ?

ಫೋಟೋ ತೆಗೆದ ತಾರೀಖು ಕ್ಯಾಮೆರಾ ಬರೆದ ಎಕ್ಸಿಫ್‌ನಲ್ಲಿ, ಫೈಲಿನ ಒಳಗೇ ಇರುತ್ತದೆ. ಕಾಪಿ ಮಾಡಿದರೆ ಅದಕ್ಕೆ ಏನೂ ಆಗುವುದಿಲ್ಲ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಬಂದದ್ದರಲ್ಲಿ ಎಕ್ಸಿಫ್ ಇರುವುದಿಲ್ಲ, ಫೈಲಿನ ಹೆಸರಿನಲ್ಲಿರುವ ತಾರೀಖೇ ಗತಿ. ಹಾಗಾಗಿ ಅವುಗಳ ಹೆಸರು ಬದಲಾಯಿಸಬೇಡಿ. ವಿಂಡೋಸ್‌ನಲ್ಲಿ ಹುಟ್ಟಿದ ವೇಳೆಯೂ ಹಾಗೇ ಉಳಿಯಬೇಕಾದರೆ ಕಾಪಿ-ಪೇಸ್ಟ್ ಬಿಟ್ಟು ರೋಬೋಕಾಪಿ ಕಮಾಂಡ್ ಬಳಸಿ. ಫೋಲ್ಡರುಗಳ ವೇಳೆಯೂ ಬೇಕಿದ್ದರೆ ಡಿಕಾಪಿ ಎಂಬ ಆಯ್ಕೆಗೆ ಟಿ ಸೇರಿಸಿ. ಲಿನಕ್ಸ್‌ನ ‘ಸಿಪಿ -ಎ’ ಬದಲಾದ ವೇಳೆಯನ್ನು ಉಳಿಸುತ್ತದೆ, ಹುಟ್ಟಿದ ವೇಳೆಯನ್ನು ಉಳಿಸುವುದಿಲ್ಲ.